ಎಷ್ಟಾಣೆ ಪರಿಹಾರ?

‘ಈ ಸಲ ಎಷ್ಟಾಣೆ ಪೀಕು?’ ಬೆಳಗಾವಿ, ವಿಜಯಪುರದ ಕಡೆ ಬೆಳೆಯನ್ನು ಅಳೆದದ್ದು ಹೀಗೆ. ಹದಿನಾರಾಣೆ ಎಂದರೆ ತುಂಬು ಫಸಲು, ಎಂಟಾಣೆ ಎಂದರೆ ಅರ್ಧ. 1957ರಲ್ಲಿ ನಯಾಪೈಸೆ ಬಂದು ಆಣೆ ಚಲಾವಣೆಯಿಂದ ಸರಿಯಿತಾದರೂ ಹೊಲದ ಮಾತಿನಲ್ಲಿ ಉಳಿಯಿತು. ಏಕೆಂದರೆ ಸರ್ಕಾರದ ಕರುಣೆಗೂ ಅದೇ ಅಳತೆಗೋಲಾಗಿತ್ತು. ಈ ಸೀಮೆ ಸೇರಿದ್ದ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿ ಫಸಲು ಆರಾಣೆಗೆ ಇಳಿದರೆ ಅರ್ಧ ಕಂದಾಯದ ವಸೂಲಿ ಮುಂದಕ್ಕೆ ಹೋಗುತ್ತಿತ್ತು, ನಾಲ್ಕಾಣೆಗೆ ಇಳಿದರೆ ಪೂರ್ತಿ. ಕೊಡುವ ಮಾತಿರಲಿಲ್ಲ, ಕೇಳುವುದನ್ನು ತಡ ಮಾಡುವುದೇ ಪರಿಹಾರ.

ಆ ಕಾಲದ ನಿಯಮಗಳ ಹಿಂದೆ ದೊಡ್ಡ ಸಾವಿನ ನೆರಳಿದೆ. 1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಅಳಿದರು. ಮುಂದೆ 1880ರಲ್ಲಿ ಕ್ಷಾಮ ಆಯೋಗದ ವರದಿ, ಅದರ ಬೆನ್ನಿಗೆ ಕ್ಷಾಮ ಸಂಹಿತೆ ಬಂದವು. ಹಸಿದವರಿಗೆ ಕಲ್ಲೊಡೆಯುವ ಕಾಮಗಾರಿ, ಕೈಲಾಗದವರಿಗೆ ಗಂಜಿ. ಬೀಜಕ್ಕೆ, ಎತ್ತಿಗೆ 1884ರ ಕಾಯ್ದೆಯಡಿ ತಕಾವಿ. ಅದೂ ಸಾಲವೇ, ತೀರಿಸಲೇಬೇಕು.

ಮರಳಿಸಬೇಕಿಲ್ಲದ ಹಣಕ್ಕೆ ಸ್ಥಿರವಾದ ಗಂಟು ಸಿಕ್ಕಿದ್ದು ಬಹಳ ತಡವಾಗಿ. 9ನೇ ಹಣಕಾಸು ಆಯೋಗದ ಸಲಹೆಯಂತೆ 1990ರಲ್ಲಿ ವಿಕೋಪ ಪರಿಹಾರ ನಿಧಿ ಹುಟ್ಟಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ನಂತರ, 2010ರಲ್ಲಿ, ಅದು ರಾಜ್ಯ ವಿಪತ್ತು ಪರಿಹಾರ ನಿಧಿ (ಎಸ್‌ಡಿಆರ್‌ಎಫ್) ಆಯಿತು. ಕರ್ನಾಟಕದಲ್ಲಿ ಕೇಂದ್ರದ ಪಾಲು ಶೇ 75, ರಾಜ್ಯದ್ದು ಶೇ 25. ಅರ್ಧ ಬೆಳೆ ಹೋದರಷ್ಟೇ ಹಣ ಎಂಬ ಗೆರೆ 2015ರಲ್ಲಿ ಶೇ 33ಕ್ಕೆ ಇಳಿಯಿತು.

ನಾವು ‘ಬೆಳೆ ಪರಿಹಾರ’ ಎನ್ನುತ್ತೇವೆ. ಕಡತದಲ್ಲಿ ಅದು ‘ಇನ್‌ಪುಟ್ ಸಬ್ಸಿಡಿ’. ಹೋದ ಬೆಳೆಯ ಬೆಲೆಯಲ್ಲ, ಮತ್ತೆ ಬಿತ್ತಲು ಒಂದಿಷ್ಟು ಆಸರೆ. 2022ರಲ್ಲಿ ಪರಿಷ್ಕೃತವಾದ ದರದಂತೆ ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ ಮಾತ್ರ. ಗುಂಟೆಗೆ ಭಾಗಿಸಿದರೆ 86 ರೂಪಾಯಿ.

ಹಣ ಬರುವ ದಾರಿ ಈಗ ಚುರುಕಾಗಿದೆ. ‘ಭೂಮಿ’ ತಂತ್ರಾಂಶದ ಪಹಣಿ, ಬೆಳೆ ಸಮೀಕ್ಷೆ, ರೈತರ ನೋಂದಣಿಯ ಫ್ರೂಟ್ಸ್ ಐಡಿ, ಆಧಾರ್ ಜೋಡಿಸಿದ ಖಾತೆ ಒಂದಕ್ಕೊಂದು ತಾಳೆಯಾದರೆ ನೇರ ಜಮೆ. ತಾಳೆಯಾಗದವರ ಪಾಡು ಬೇರೆ. ಅಜ್ಜನ ಹೆಸರಲ್ಲೇ ಉಳಿದ ಪಹಣಿ ವಾರಸುದಾರರ ಹೆಸರಿಗೆ ಬರಲು ಪೌತಿ ಖಾತೆ ಆಗಬೇಕು. ಪಾಲಿಗೆ ಮಾಡುವವನ ಬೆವರು ಪಹಣಿಯ ಮಾಲೀಕನ ಹೆಸರಿನ ಹಿಂದೆ ಮರೆಯಾಗುತ್ತದೆ.

ಮೊತ್ತದ ಜಗಳವಂತೂ ಮುಗಿದಿಲ್ಲ. 2023ರಲ್ಲಿ 223 ತಾಲ್ಲೂಕುಗಳು ಬರಪೀಡಿತವಾದಾಗ ರಾಜ್ಯ ಕೇಂದ್ರವನ್ನು 18,171 ಕೋಟಿ ರೂಪಾಯಿ ಕೇಳಿತು, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. 2025ರ ಮಳೆಗಾಲದಲ್ಲಿ ಭೀಮಾ ತೀರದ ಹೊಲಗಳು ಮುಳುಗಿದಾಗ ರಾಜ್ಯವೇ ತನ್ನ ಕಡೆಯಿಂದ ಹೆಕ್ಟೇರಿಗೆ ಇನ್ನೂ 8,500 ಸೇರಿಸಿತು. ಮಳೆಯಾಶ್ರಿತ ಹೊಲಕ್ಕೆ ಒಟ್ಟು 17,000.

ಈ ಪರಿಹಾರವನ್ನು ಹಳೆಯ ಆಣೆಯ ಕೋಲಿನಲ್ಲೇ ಅಳೆದು ನೋಡೋಣ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಹೆಕ್ಟೇರಿಗೆ ಐದೇ ಕ್ವಿಂಟಲ್ ಬರುವ ಹೊಲವೆಂದರೂ 40,000. ಅದರಲ್ಲಿ 8,500 ಎಂದರೆ ಮೂರೂವರೆ ಆಣೆಯೂ ತುಂಬದು. 17,000 ಎಂದರೆ ಆರೂಮುಕ್ಕಾಲು. ಅಂದು ಫಸಲು ಆರಾಣೆಗೆ ಇಳಿದರೆ ಅದನ್ನು ಕೊರತೆ ಎಂದು ಬರೆದುಕೊಳ್ಳುತ್ತಿದ್ದ ಸರ್ಕಾರ, ಇಂದು ಕೈ ಬಿಚ್ಚಿ ಕೊಟ್ಟಾಗಲೂ ತಲುಪುವುದು ಅದೇ ಆರಾಣೆಯ ಆಸುಪಾಸಿಗೆ.