ನಾಲೆದೋಣಿಯ ಯಂತ್ರ ಕೈಕೊಟ್ಟಾಗ

ರೈಲುಗಾಡಿಯ ಕಾಲಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಭಾರವಾದ ಸರಕನ್ನು ಸಾಗಿಸಲು ನೀರಿನ ದಾರಿಗಿಂತ ಅಗ್ಗವಾದ ದಾರಿ ಬೇರೊಂದಿರಲಿಲ್ಲ. ವೋರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರಿನ ಕಡೆಗೆ ಕಲ್ಲಿದ್ದಲನ್ನು ಒಯ್ಯುವುದಕ್ಕಾಗಿ ಬ್ರಿಜ್‌ವಾಟರಿನ ಡ್ಯೂಕನು ತೋಡಿಸಿದ ನಾಲೆ 1761ರಲ್ಲಿ ಸಂಚಾರಕ್ಕೆ ತೆರೆಯಿತು. ಮುಂದಿನ ಎರಡು ತಲೆಮಾರುಗಳಲ್ಲಿ ದೇಶದ ತುಂಬ ಇಂಥ ನಾಲೆಗಳ ಜಾಲವೇ ಹರಡಿತು. ಆಮೇಲೆ ರೈಲು ಬಂದಿತು, ಲಾರಿ ಬಂದಿತು. ಸರಕು ನಾಲೆಯನ್ನು ಬಿಟ್ಟುಹೋಯಿತು. ಆದರೆ ನಾಲೆಗಳು ಸಾಯಲಿಲ್ಲ. ಇಂದು ಸಾವಿರಾರು ಜನ ಅವುಗಳಲ್ಲಿ ವಿಹಾರಕ್ಕೆ ಹೋಗುತ್ತಾರೆ. ದೋಣಿಯನ್ನೇ ಮನೆ ಮಾಡಿಕೊಂಡವರೂ ಉಂಟು.

ಈ ದೋಣಿಯ ಆಕಾರವೇ ವಿಚಿತ್ರ. ಅಗಲ ಸುಮಾರು 2.1 ಮೀಟರು, ಉದ್ದವಾದರೋ 22 ಮೀಟರಿನವರೆಗೂ ಇರಬಹುದು. ಉಕ್ಕಿನ ಹಲಗೆಗಳ ಒಡಲು, ಹಿಂಭಾಗದಲ್ಲಿ ಒಂದು ಡೀಸೆಲ್ ಯಂತ್ರ. ವೇಗದ ಮಿತಿ ಗಂಟೆಗೆ 4 ಮೈಲಿ, ಎಂದರೆ ಸುಮಾರು 6.4 ಕಿಲೋಮೀಟರು, ಬಿರುಸಾಗಿ ನಡೆಯುವವನು ಇದರ ಜೊತೆಜೊತೆಗೇ ಹೋಗಬಹುದು. ಇಷ್ಟು ನಿಧಾನವಾದ ವಾಹನದಲ್ಲಿ ಅಪಾಯವೇನಿದ್ದೀತು ಎಂದು ವಾಚಕರು ಕೇಳಬಹುದು. ಅಪಾಯಗಳಿವೆ, ಅವುಗಳಲ್ಲಿ ಕೆಲವು ಪ್ರಾಣಕ್ಕೇ ಬರತಕ್ಕವು. ಆದರೆ ಒಂದೊಂದರ ಹಿಂದೆಯೂ ನಾವು ಪಾಠದ ಪುಸ್ತಕದಲ್ಲಿ ಓದುವ ಯಾವುದಾದರೊಂದು ಭೌತನಿಯಮವಿರುತ್ತದೆ. ಆ ನಿಯಮವನ್ನು ಬಲ್ಲವನಿಗೆ ಪರಿಹಾರವೂ ಹೊಳೆಯುತ್ತದೆ.

ಸುತ್ತಿಕೊಂಡ ಕಸ

ಅತಿ ಸಾಮಾನ್ಯವಾದ ತೊಂದರೆಯಿಂದ ಆರಂಭಿಸೋಣ. ದೋಣಿಯನ್ನು ಮುಂದಕ್ಕೆ ತಳ್ಳುವುದು ಹಿಂಬದಿಯಲ್ಲಿ ನೀರಿನೊಳಗೆ ತಿರುಗುವ ಪ್ರೊಪೆಲರು. ನಾಲೆಯ ನೀರಿನಲ್ಲಿ ಕಳೆಗಿಡ, ಹಗ್ಗದ ತುಂಡು, ಹಳೆಯ ಬಟ್ಟೆ, ಪ್ಲಾಸ್ಟಿಕ್ ಚೀಲ ಎಲ್ಲವೂ ಇರುತ್ತವೆ. ಅವು ಪ್ರೊಪೆಲರಿಗೆ ಸುತ್ತಿಕೊಳ್ಳುತ್ತವೆ. ಆಗ ಯಂತ್ರ ಏದುಸಿರು ಬಿಡುತ್ತದೆ, ಕಪ್ಪು ಹೊಗೆ ಕಾರುತ್ತದೆ, ದೋಣಿ ಮಾತ್ರ ಮುಂದೆ ಸಾಗದು. ಮೊದಲ ಉಪಾಯ, ಕ್ಷಣಕಾಲ ಹಿಮ್ಮುಖವಾಗಿ ತಿರುಗಿಸುವುದು. ಸುತ್ತಿಕೊಂಡದ್ದು ಅನೇಕ ವೇಳೆ ತಾನಾಗಿಯೇ ಬಿಚ್ಚಿಹೋಗುತ್ತದೆ.

ಅದರಿಂದ ಆಗದಿದ್ದರೆ ಕಳೆಕಿಂಡಿಯನ್ನು ತೆರೆಯಬೇಕು. ಪ್ರೊಪೆಲರಿನ ನೇರ ಮೇಲೆ, ದೋಣಿಯ ತಳವನ್ನು ಕೊರೆದು ನಿಲ್ಲಿಸಿದ ಒಂದು ಉಕ್ಕಿನ ಪೆಟ್ಟಿಗೆ ಇದು. ಮೇಲೆ ಭದ್ರವಾದ ಮುಚ್ಚಳವಿರುತ್ತದೆ. ತಳದಲ್ಲಿ ತೂತಿದ್ದರೂ ನೀರು ಒಳಗೆ ನುಗ್ಗುವುದಿಲ್ಲವೇಕೆ? ಪೆಟ್ಟಿಗೆಯ ಬಾಯಿ ಹೊರಗಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿದೆ; ಕೂಡಿಕೊಂಡ ಎರಡು ಪಾತ್ರೆಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆಯಷ್ಟೆ. ಯಂತ್ರವನ್ನು ನಿಲ್ಲಿಸಿ, ಕೀಲಿಕೈಯನ್ನು ತೆಗೆದು ಜೇಬಿಗೆ ಹಾಕಿಕೊಂಡ ಮೇಲೆಯೇ ಕಿಂಡಿಯೊಳಕ್ಕೆ ಕೈ ಇಳಿಸಬೇಕು. ಬೇರೊಬ್ಬರು ತಿಳಿಯದೆ ಯಂತ್ರವನ್ನು ನಡೆಸಿದರೆ ಕೈ ಉಳಿಯದು.

ಕೆಲಸ ಮುಗಿದ ಮೇಲೆ ಮುಚ್ಚಳವನ್ನು ಸರಿಯಾಗಿ ಬಿಗಿಯದಿರುವುದು ಇನ್ನೊಂದು ಅಪಾಯ. ನಿಂತ ನೀರು ಸಮಮಟ್ಟದಲ್ಲಿರುವುದು ನಿಜ. ಆದರೆ ಪ್ರೊಪೆಲರು ತಿರುಗತೊಡಗಿದೊಡನೆ ನೀರನ್ನು ಮೇಲಕ್ಕೂ ಎರಚುತ್ತದೆ. ಆ ನೀರು ಸಡಿಲವಾದ ಮುಚ್ಚಳದ ಸಂದಿನಿಂದ ಯಂತ್ರದ ಕೋಣೆಗೆ ಸುರಿಯುತ್ತದೆ. ಯಂತ್ರದ ಸದ್ದಿನಲ್ಲಿ ನೀರಿನ ಸದ್ದು ಕೇಳಿಸದು. ಹೀಗೆ ಮುಳುಗಿದ ದೋಣಿಗಳುಂಟು.

ಹೆಚ್ಚು ತಳ್ಳಿದರೆ ಕಡಿಮೆ ಓಟ

ಯಂತ್ರ ಸರಿಯಾಗಿದೆ, ಪ್ರೊಪೆಲರಿನಲ್ಲಿ ಕಸವಿಲ್ಲ. ಆದರೂ ದೋಣಿ ಏಳದು. ಹೊಸಬನಾದ ಚುಕ್ಕಾಣಿಗನು ಯಂತ್ರವನ್ನು ಇನ್ನಷ್ಟು ಜೋರು ಮಾಡುತ್ತಾನೆ. ಆಗ ದೋಣಿಯ ಹಿಂಭಾಗ ಇನ್ನೂ ಕುಸಿದು ತಳದ ಕೆಸರನ್ನು ಉಜ್ಜುತ್ತದೆ. ಇದು ಯಂತ್ರದ ದೋಷವಲ್ಲ, ಬರ್ನೂಲಿಯ ನಿಯಮದ ಫಲ.

ನಾಲೆ 8 ಮೀಟರು ಅಗಲ, 1.2 ಮೀಟರು ಆಳವಿದೆಯೆಂದು ಭಾವಿಸೋಣ. ಅಡ್ಡಕೊಯ್ತದ ವಿಸ್ತಾರ 9.6 ಚದರ ಮೀಟರಾಯಿತು. ನೀರಿನಲ್ಲಿ 60 ಸೆಂಟಿಮೀಟರು ಮುಳುಗಿದ ದೋಣಿ ಅದರಲ್ಲಿ ಸುಮಾರು 1.26 ಚದರ ಮೀಟರನ್ನು ಆಕ್ರಮಿಸುತ್ತದೆ. ದೋಣಿ ಮುಂದೆ ಸಾಗಬೇಕಾದರೆ ಅದರ ಮುಂದಿನ ನೀರು ಉಳಿದ ಎಡೆಯಲ್ಲಿ ಹಿಂದಕ್ಕೆ ಸರಿಯಬೇಕು. ದೋಣಿಯ ವೇಗ ಸೆಕೆಂಡಿಗೆ 1.5 ಮೀಟರಾದರೆ, ಅದರ ಪಕ್ಕದಲ್ಲಿ ನೀರು ದೋಣಿಗೆ ಸಾಪೇಕ್ಷವಾಗಿ ಸುಮಾರು 1.7 ಮೀಟರು ವೇಗದಲ್ಲಿ ಹರಿಯುತ್ತದೆ. ವೇಗ ಹೆಚ್ಚಿದೆಡೆ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದೆಡೆ ನೀರಿನ ಮಟ್ಟ ತಗ್ಗುತ್ತದೆ. ಲೆಕ್ಕ ಮಾಡಿದರೆ ಈ ತಗ್ಗು ಸುಮಾರು 4 ಸೆಂಟಿಮೀಟರು ಬರುತ್ತದೆ. ವೇಗ ಹೆಚ್ಚಿದಂತೆ ಈ ತಗ್ಗು ವೇಗದ ವರ್ಗವನ್ನು ಅನುಸರಿಸಿ ಬೆಳೆಯುತ್ತದೆ. ನೀರು ತಗ್ಗಿದಷ್ಟೂ ಎಡೆ ಕಿರಿದಾಗುವುದರಿಂದ ಅದಕ್ಕಿಂತಲೂ ಹೆಚ್ಚಾಗುತ್ತದೆ. ಹೂಳು ತುಂಬಿದ ನಾಲೆಯಲ್ಲಿ ಇಷ್ಟೇ ಸಾಕು, ತಳ ನೆಲಕ್ಕೆ ತಾಗುತ್ತದೆ. ಆದುದರಿಂದ ಪರಿಹಾರವೆಂದರೆ ವೇಗವನ್ನು ತಗ್ಗಿಸುವುದು. ದೋಣಿ ಮೇಲೇಳುತ್ತದೆ, ಮತ್ತೆ ಸಲೀಸಾಗಿ ಸಾಗುತ್ತದೆ.

ನಾಲೆದೋಣಿಗಳ ಓಟವನ್ನು ಪರೀಕ್ಷಿಸುತ್ತಿದ್ದಾಗಲೇ ಜಾನ್ ಸ್ಕಾಟ್ ರಸೆಲ್ ಎಂಬ ಎಂಜಿನಿಯರು 1834ರಲ್ಲಿ ಎಡಿನ್‌ಬರೋ ಬಳಿಯ ಯೂನಿಯನ್ ನಾಲೆಯಲ್ಲಿ ಒಂದು ವಿಚಿತ್ರವನ್ನು ಕಂಡನು. ದೋಣಿ ತಟ್ಟನೆ ನಿಂತಿತು; ಅದರ ಮುಂದಿದ್ದ ನೀರಿನ ದಿಬ್ಬ ಮಾತ್ರ ಒಂಟಿ ಅಲೆಯಾಗಿ, ಆಕಾರಗೆಡದೆ ಮುಂದೆ ಹೊರಟಿತು. ಆತ ಕುದುರೆಯೇರಿ ಅದನ್ನು ಒಂದೆರಡು ಮೈಲಿ ಹಿಂಬಾಲಿಸಿದನು. ಇಂದು ಭೌತವಿಜ್ಞಾನದಲ್ಲಿ ಸಾಲಿಟಾನ್ ಎಂದು ಪ್ರಸಿದ್ಧವಾದ ವಿಷಯದ ಮೂಲ ಇದು.

ಕಾವು ಮತ್ತು ಸೋರಿಕೆ

ನಾಲೆಯ ನೀರು ಕೆಸರಿನದು. ಅದನ್ನು ಯಂತ್ರದೊಳಕ್ಕೆ ಎಳೆದುಕೊಂಡರೆ ಕೊಳವೆಗಳು ಕಟ್ಟಿಹೋಗುತ್ತವೆ. ಆದುದರಿಂದ ಹೆಚ್ಚಿನ ದೋಣಿಗಳಲ್ಲಿ ಯಂತ್ರವನ್ನು ತಂಪುಮಾಡುವ ನೀರು ಹೊರಕ್ಕೆ ಹೋಗದೆ, ಒಡಲಿನ ಒಳಮೈಗೆ ಬೆಸೆದ ತೆಳುವಾದ ತೊಟ್ಟಿಯಲ್ಲಿ ಸುತ್ತಿ ಬರುತ್ತದೆ. ಅದರ ಶಾಖ ಉಕ್ಕಿನ ಮೂಲಕ ನಾಲೆಗೆ ಸೇರುತ್ತದೆ. ತೊಟ್ಟಿಯ ಮೇಲ್ಭಾಗದಲ್ಲಿ ಗಾಳಿ ಸಿಕ್ಕಿಕೊಂಡರೆ ಅಷ್ಟು ಭಾಗ ನಿಷ್ಪ್ರಯೋಜಕ. ಗಾಳಿ ಶಾಖದ ಕೆಟ್ಟ ವಾಹಕ. ಯಂತ್ರ ಕಾಯುತ್ತದೆ. ಯಂತ್ರ ಆರಿದ ಮೇಲೆ ತೊಟ್ಟಿಯ ತಿರುಪನ್ನು ಸಡಿಲಿಸಿ ಗಾಳಿಯನ್ನು ಬಿಡಬೇಕು. ಕಾದಿರುವಾಗ ಮಾತ್ರ ನೀರಿನ ಮುಚ್ಚಳವನ್ನು ತೆಗೆಯಲೇಬಾರದು. ಒತ್ತಡ ಅರ್ಧ ವಾಯುಭಾರದಷ್ಟು ಹೆಚ್ಚಿದ್ದರೆ ನೀರು ಕುದಿಯುವುದು ಸುಮಾರು 112 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಮುಚ್ಚಳ ತೆಗೆದೊಡನೆ ಕುದಿಬಿಂದು 100ಕ್ಕೆ ಇಳಿಯುತ್ತದೆ. ಒಳಗಿನ ನೀರು ಒಮ್ಮೆಲೇ ಆವಿಯೊಡನೆ ಚಿಮ್ಮಿ ಮುಖವನ್ನು ಸುಡುತ್ತದೆ.

ಪ್ರೊಪೆಲರಿನ ದಂಡ ಒಡಲನ್ನು ತೂರಿ ಹೊರಗೆ ಹೋಗುವೆಡೆ ಜಿಡ್ಡು ಸವರಿದ ಹುರಿಯನ್ನು ತುರುಕಿ ನೀರನ್ನು ತಡೆದಿರುತ್ತಾರೆ. ಅಲ್ಲಿ ಆಗಾಗ ಒಂದೆರಡು ತೊಟ್ಟು ಜಿನುಗುವುದು ಸಹಜ. ತೀರ ಬಿಗಿದರೆ ಘರ್ಷಣೆಯಿಂದ ದಂಡ ಕಾದು ಸವೆಯುತ್ತದೆ. ಸಡಿಲವಾದರೆ ನೀರು ಹರಿಯುತ್ತದೆ. ಸೋರಿಕೆಯನ್ನು ಹಗುರವಾಗಿ ಕಾಣಬಾರದು. ನೀರಿನ ಮಟ್ಟದಿಂದ 30 ಸೆಂಟಿಮೀಟರು ಕೆಳಗೆ 3 ಸೆಂಟಿಮೀಟರು ವ್ಯಾಸದ ಒಂದು ತೂತಿದ್ದರೆ, ನಿಮಿಷಕ್ಕೆ ಸುಮಾರು 60 ಲೀಟರು ನೀರು ಒಳಬರುತ್ತದೆ. ಗಂಟೆಗೆ ಮೂರೂವರೆ ಟನ್ನು! ಒಳಗಿನ ನೀರನ್ನು ಹೊರಹಾಕುವ ಪಂಪು ಬ್ಯಾಟರಿಯಿಂದ ನಡೆಯುತ್ತದೆ. ಸಣ್ಣ ಸೋರಿಕೆಯೇ ಆದರೂ, ಜನರಿಲ್ಲದ ದೋಣಿಯಲ್ಲಿ ಪಂಪು ದುಡಿದು ದುಡಿದು ಬ್ಯಾಟರಿ ಬರಿದಾದರೆ, ಆಮೇಲೆ ಮುಳುಗುವುದನ್ನು ನೋಡಲು ಯಾರೂ ಇರುವುದಿಲ್ಲ.

ಹೊಸ್ತಿಲಿನ ಗಂಡಾಂತರ

ಎಲ್ಲಕ್ಕಿಂತ ಘೋರವಾದುದು ಲಾಕಿನಲ್ಲಿ ಸಂಭವಿಸುವ ಅಪಘಾತ. ಲಾಕ್ ಎಂದರೆ ಎರಡು ಕಡೆಯೂ ಬಾಗಿಲುಗಳುಳ್ಳ ಕಲ್ಲಿನ ಕೊಠಡಿ. ಕೆಳಗಿನ ಬಾಗಿಲ ತೂಬುಗಳನ್ನು ಎತ್ತಿದರೆ ಕೊಠಡಿಯ ನೀರು ಇಳಿಯುತ್ತದೆ. ಅದರೊಡನೆ ದೋಣಿಯೂ ಇಳಿಯುತ್ತದೆ. ಮೇಲಿನ ಬಾಗಿಲ ಬುಡದಲ್ಲಿ ಒಂದು ಹೊಸ್ತಿಲು ಕೊಠಡಿಯೊಳಕ್ಕೆ ಚಾಚಿಕೊಂಡಿರುತ್ತದೆ. ಕೊಠಡಿ ತುಂಬಿರುವಾಗ ಅದು ಕಣ್ಣಿಗೆ ಕಾಣದು. ದೋಣಿ ತುಸು ಹಿಂದೆ ಸರಿದಿದ್ದರೆ ಅದರ ಹಿಂಭಾಗ ಈ ಹೊಸ್ತಿಲಿನ ಮೇಲೆ ಕೂರುತ್ತದೆ. ಮುಂಭಾಗ ನೀರಿನೊಡನೆ ಇಳಿಯುತ್ತಲೇ ಹೋಗುತ್ತದೆ. ಹಿಂಭಾಗಕ್ಕೆ ತೇಲಿಕೆಯ ಆಧಾರ ತಪ್ಪುತ್ತದೆ, ಮುಂಭಾಗ ಹೆಚ್ಚು ಮುಳುಗುತ್ತದೆ, ಮುಂಬಾಗಿಲಿನಿಂದ ನೀರು ಒಳನುಗ್ಗುತ್ತದೆ. ಒಳಗಿದ್ದವರಿಗೆ ಹೊರಬರಲು ವೇಳೆಯೇ ಸಿಗದಿರಬಹುದು.

ಎರಡೂವರೆ ಮೀಟರು ನೀರು ನಾಲ್ಕು ನಿಮಿಷಗಳಲ್ಲಿ ಇಳಿಯುವುದಾದರೆ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರಾಯಿತು. ಅರ್ಧ ನಿಮಿಷ ಮೈಮರೆತರೆ ದೋಣಿಯ ಎರಡು ತುದಿಗಳ ನಡುವೆ 30 ಸೆಂಟಿಮೀಟರು ಅಂತರ ಬೀಳುತ್ತದೆ. ಆ ಗಾಬರಿಯಲ್ಲಿ ಯಂತ್ರವನ್ನು ನಡೆಸಿ ಮುಂದೆ ನೂಕೋಣವೆಂದು ತೋರುವುದು ಸಹಜ. ಹಾಗೆ ಮಾಡಿದರೆ ಟನ್ನುಗಟ್ಟಲೆ ಭಾರ ತಟ್ಟನೆ ಜಾರಿ ಕೆಳಗೆ ಬೀಳಬಹುದು. ಮಾಡಬೇಕಾದುದು ಎರಡೇ ಕೆಲಸ: ಕೆಳಗಿನ ತೂಬುಗಳನ್ನು ಒಡನೆಯೇ ಮುಚ್ಚುವುದು, ಅನಂತರ ಮೇಲಿನ ತೂಬುಗಳನ್ನು ಮೆಲ್ಲಗೆ ತೆರೆಯುವುದು. ನೀರು ಮತ್ತೆ ಏರಿದಂತೆ, ಆರ್ಕಿಮಿಡೀಸನು ಹೇಳಿದ ಬಲವೇ ದೋಣಿಯನ್ನು ಎತ್ತಿ ಬಿಡಿಸುತ್ತದೆ. ಹೊಸ್ತಿಲು ಎಲ್ಲಿಯವರೆಗೆ ಇದೆಯೆಂದು ತೋರಿಸಲು ಲಾಕಿನ ಅಂಚಿನಲ್ಲಿ ಬಿಳಿಯ ಗೆರೆ ಎಳೆದಿರುತ್ತಾರೆ. ತೂಬಿನ ಬಳಿ ನಿಂತವನ ಕಣ್ಣು ಆ ಗೆರೆಯನ್ನೂ ದೋಣಿಯನ್ನೂ ಬಿಟ್ಟು ಕದಲಬಾರದು.

ಮೈಬಲದ ಮಿತಿ

ಹಿಮ್ಮುಖ ಗೇರು ಹಿಡಿಯದೆ ದೋಣಿ ದಡದ ಕಡೆಗೆ ನುಗ್ಗುವಾಗ, ಕೈಕಾಲು ಚಾಚಿ ತಡೆಯಲು ಹೋಗುವವರುಂಟು. 17 ಟನ್ನಿನ ದೋಣಿ ಸೆಕೆಂಡಿಗೆ 1.5 ಮೀಟರು ವೇಗದಲ್ಲಿದ್ದು 10 ಸೆಂಟಿಮೀಟರಿನೊಳಗೆ ನಿಲ್ಲಬೇಕಾದರೆ ಬೇಕಾಗುವ ಸರಾಸರಿ ಬಲ ಹತ್ತೊಂಬತ್ತು ಟನ್ನು ತೂಕಕ್ಕೆ ಸಮ. ವಿದ್ಯಾರ್ಥಿಗಳು ಚಲನಶಕ್ತಿಯ ಸೂತ್ರದಿಂದ ಇದನ್ನು ತಾವೇ ಲೆಕ್ಕಹಾಕಿ ನೋಡಲಿ. ಯಾವ ಮೂಳೆ ಇದನ್ನು ತಡೆದೀತು? ದೋಣಿ ದಡಕ್ಕೆ ಬಡಿದರೆ ಬಡಿಯಲಿ. ಉಕ್ಕು ತಗ್ಗುಬಿದ್ದರೆ ಸರಿಪಡಿಸಬಹುದು.

ಆದರೆ ಇದೇ ದೋಣಿಯನ್ನು, ಯಂತ್ರ ಸಂಪೂರ್ಣವಾಗಿ ಕೆಟ್ಟುನಿಂತಾಗ, ಒಬ್ಬನೇ ಮನುಷ್ಯ ದಡದಿಂದ ಹಗ್ಗ ಹಿಡಿದು ಎಳೆದೊಯ್ಯಬಲ್ಲನು! ಇಲ್ಲಿ ವಿರೋಧವೇನೂ ಇಲ್ಲ. ತಟ್ಟನೆ ನಿಲ್ಲಿಸಲು ಅಪಾರ ಬಲ ಬೇಕು. ನಿಧಾನವಾಗಿ ಚಲಿಸುವಂತೆ ಮಾಡಲು ಅಲ್ಪ ಬಲವೇ ಸಾಕು, ಅದು ಹೆಚ್ಚು ಕಾಲ ದುಡಿಯಬೇಕು, ಅಷ್ಟೆ. ವೇಗ ಕಡಿಮೆಯಿದ್ದರೆ ನೀರಿನ ತಡೆಯೂ ಬಹಳ ಕಡಿಮೆ. ಹಿಂದೆ 25 ಟನ್ನು ಸರಕಿನ ದೋಣಿಯನ್ನು ಒಂದೇ ಕುದುರೆ ಎಳೆಯುತ್ತಿದ್ದುದು ಈ ಕಾರಣದಿಂದಲೇ. ಆ ಕುದುರೆಗಳಿಗಾಗಿ ಮಾಡಿದ ಕಾಲುದಾರಿ ಇಂದಿಗೂ ನಾಲೆಯ ಪಕ್ಕದಲ್ಲಿ ಉಳಿದಿದೆ. ಮುಂದಿನ ಲಂಗರುದಾಣದವರೆಗೆ ದೋಣಿಯನ್ನು ಮುಟ್ಟಿಸಲು ಒಂದು ಗಟ್ಟಿಯಾದ ಹಗ್ಗ, ಆ ಕಾಲುದಾರಿ, ಮತ್ತು ಅವಸರಪಡದ ಮನಸ್ಸು ಇದ್ದರೆ ಸಾಕು.