ಡಾರ್ವಿನ್‌ಗೊಂದು ವೃಂದಗಾನ

ಪಾಶ್ಚಾತ್ಯ ಸಂಗೀತದಲ್ಲಿ ವೃಂದಗಾನ ಬೆಳೆದದ್ದು ಬಹುಮಟ್ಟಿಗೆ ಚರ್ಚಿನ ಚಾವಣಿಯ ಕೆಳಗೆ. ಹತ್ತಾರು ಕಂಠಗಳು ಒಂದಾಗಿ ಮೇಲೇರಿದಾಗ ಕೇಳುಗನ ಮೈ ನವಿರೇಳುತ್ತದೆ. ಶತಮಾನಗಳ ಕಾಲ ಆ ಅನುಭವ ದೈವಸ್ತುತಿಗೆ ಮೀಸಲಾಗಿತ್ತು. ಹೇಡನ್ ‘ದಿ ಕ್ರಿಯೇಷನ್’ ಕೃತಿಯಲ್ಲಿ ಬೈಬಲಿನ ಸೃಷ್ಟಿಕಥೆಯನ್ನು ವಾದ್ಯವೃಂದಕ್ಕೂ ಮೇಳಕ್ಕೂ ಅಳವಡಿಸಿದ. 1798ರಲ್ಲಿ ವಿಯೆನ್ನಾದಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಆದಿಯ ಅಸ್ತವ್ಯಸ್ತ ಕತ್ತಲಲ್ಲಿ ವಾದ್ಯಗಳು ತಡವರಿಸುತ್ತವೆ, ಮೇಳ ಮೆಲುದನಿಯಲ್ಲಿ ಹಾಡುತ್ತದೆ. ‘ಬೆಳಕು’ ಎಂಬ ಶಬ್ದ ಬಂದೊಡನೆ ಇಡೀ ವೃಂದ ಸಿ ಮೇಜರಿನಲ್ಲಿ ಭೋರ್ಗರೆಯುತ್ತದೆ. ಇನ್ನೂರು ವರ್ಷ ಕಳೆದರೂ ಆ ಕ್ಷಣದ ಬಲ ಕುಂದಿಲ್ಲ.

ದೇವರ ಪ್ರಸ್ತಾಪವನ್ನು ಕೈಬಿಟ್ಟು, ಅದೇ ಸಲಕರಣೆಯಿಂದ ಸೃಷ್ಟಿಯ ಕಥೆಯನ್ನು ಮತ್ತೊಮ್ಮೆ ಹಾಡಬಹುದೇ? ಫಿನ್ಲೆಂಡಿನ ‘ನೈಟ್‌ವಿಶ್’ ಎಂಬ ಮೆಟಲ್ ತಂಡ 2015ರ ಮಾರ್ಚಿನಲ್ಲಿ ಹೊರತಂದ ‘ಎಂಡ್‌ಲೆಸ್ ಫಾರ್ಮ್ಸ್ ಮೋಸ್ಟ್ ಬ್ಯೂಟಿಫುಲ್’ ಎಂಬ ಆಲ್ಬಂ ಈ ಪ್ರಯತ್ನ ಮಾಡಿತು. ಶೀರ್ಷಿಕೆ ಡಾರ್ವಿನ್ನನದು. 1859ರಲ್ಲಿ ಪ್ರಕಟವಾದ ‘ಆರಿಜಿನ್ ಆಫ್ ಸ್ಪೀಷೀಸ್’ ಗ್ರಂಥದ ಕಟ್ಟಕಡೆಯ ವಾಕ್ಯದಿಂದ ಎತ್ತಿಕೊಂಡ ಪದಗಳವು. ಗದ್ದಲದ ಸಂಗೀತವೆಂದು ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಸಿಕೊಳ್ಳುವ ಪ್ರಕಾರವೊಂದು ಜೀವವಿಕಾಸವನ್ನು ವಸ್ತುವಾಗಿ ಆರಿಸಿಕೊಂಡದ್ದೇ ನನಗೆ ಸೋಜಿಗವೆನಿಸಿತು. ಆ ಕುತೂಹಲದಿಂದ ಕೇಳಲು ಕೂತವನು ಹಲವು ಸಲ ಕೇಳಿದ್ದೇನೆ.

ಮೆಟಲ್ ನಮ್ಮ ನಗರಕ್ಕೆ ಹೊಸತಲ್ಲ. 2007ರ ಮಾರ್ಚಿನಲ್ಲಿ ‘ಐರನ್ ಮೇಡನ್’, 2011ರ ಅಕ್ಟೋಬರಿನಲ್ಲಿ ‘ಮೆಟಾಲಿಕಾ’ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹೋದದ್ದು ಹಲವರಿಗೆ ನೆನಪಿರಬಹುದು. ಆದರೆ ‘ಸಿಂಫೋನಿಕ್ ಮೆಟಲ್’ ಎಂಬ ಅದರ ಉಪಶಾಖೆಯ ಬಗ್ಗೆ ಒಂದು ಮಾತು ಅಗತ್ಯ. ನಮ್ಮಲ್ಲಿ ‘ಆರ್ಕೆಸ್ಟ್ರಾ’ ಎಂದೊಡನೆ ಗಣೇಶೋತ್ಸವದ ಪೆಂಡಾಲಿನಲ್ಲಿ ಚಿತ್ರಗೀತೆ ಹಾಡುವ ತಂಡ ಕಣ್ಣಮುಂದೆ ಬರುತ್ತದೆ. ಇಲ್ಲಿ ಮಾತು ಪಿಟೀಲು, ಚೆಲ್ಲೊ, ಕಹಳೆ, ಭೇರಿಗಳ ಪೂರ್ಣ ವಾದ್ಯವೃಂದದ್ದು. ವಿದ್ಯುತ್ ಗಿಟಾರು, ಎರಡು ಪಾದಗಳಿಂದಲೂ ಬಡಿಯುವ ಡ್ರಮ್ಸು, ಕೀಬೋರ್ಡಿನ ವಿದ್ಯುನ್ಮಾನ ನಾದ, ಇವುಗಳ ಜೊತೆಗೆ ಆ ವೃಂದವನ್ನೂ ಮೇಳವನ್ನೂ ಕೂಡಿಸಿದರೆ ಈ ಪ್ರಕಾರ. ಬಿಡಿ ಹಾಡುಗಳ ಬದಲು ಒಂದೇ ವಸ್ತುವಿನ ಸುತ್ತ ಇಡೀ ಆಲ್ಬಮನ್ನು ಹೆಣೆದರೆ ಅದು ‘ಕಾನ್ಸೆಪ್ಟ್ ಆಲ್ಬಂ’. ಭಾವಗೀತೆಗೂ ಖಂಡಕಾವ್ಯಕ್ಕೂ ಇರುವ ಅಂತರವನ್ನು ನೆನೆದರೆ ಸಾಕು.

ಈ ಕೂಡಾವಳಿಯ ಚರಿತ್ರೆ ದೀರ್ಘವಾದದ್ದು. 1969ರ ಸೆಪ್ಟೆಂಬರಿನಲ್ಲಿ ‘ಡೀಪ್ ಪರ್ಪಲ್’ ತಂಡ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವೃಂದದೊಡನೆ ನುಡಿಸಿತ್ತು. ನಿರ್ದೇಶನ ಮಾಲ್ಕಂ ಆರ್ನಲ್ಡ್ ಅವರದು. ಮೆಟಾಲಿಕಾ 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯೊಡನೆ ತನ್ನ ಹಾಡುಗಳನ್ನೇ ಮತ್ತೆ ನುಡಿಸಿತು. ಇವೆರಡೂ ಅತಿಥಿ ಸತ್ಕಾರಗಳು. ಮನೆ ಒಬ್ಬರದು, ನೆಂಟರು ಇನ್ನೊಬ್ಬರು. ಸ್ವೀಡನ್ನಿನ ‘ಥೀರಿಯನ್’ 1996ರ ‘ಥೆಲಿ’ ಆಲ್ಬಮಿನಲ್ಲಿ ಮೇಳವನ್ನು ಒಳಗಿನವರನ್ನಾಗಿ ಮಾಡಿಕೊಂಡಿತು. ಅದೇ ವರ್ಷ ಫಿನ್ಲೆಂಡಿನ ಪೂರ್ವದಂಚಿನ ಕಿಟೆ ಎಂಬ ಸಣ್ಣ ಊರಿನಲ್ಲಿ ನೈಟ್‌ವಿಶ್ ಹುಟ್ಟಿತು. ಫಿನ್ಲೆಂಡಿಗೆ ಕಾಡು, ಪುರಾಣಗಳನ್ನು ವಾದ್ಯವೃಂದದಲ್ಲಿ ಹಿಡಿಯುವ ಚಾಳಿ ಹಳೆಯದು. ಸಿಬೆಲಿಯಸ್ 1892ರಲ್ಲೇ ‘ಕಲೆವಲ’ ಮಹಾಕಾವ್ಯದ ಕುಲೆರ್ವೊನ ಕಥೆಯನ್ನು ಮೇಳಕ್ಕೆ ಅಳವಡಿಸಿದ್ದ.

ಇಂಥ ಆಲ್ಬಂ ಸಿದ್ಧವಾಗುವ ಬಗೆ ನಮ್ಮ ಚಿತ್ರಸಂಗೀತವನ್ನು ಬಲ್ಲವರಿಗೆ ತೀರ ಅಪರಿಚಿತವಲ್ಲ. ತಂಡದ ಕೀಬೋರ್ಡ್ ವಾದಕ ಟುಮಾಸ್ ಹೊಲೊಪಾಯ್ನೆನ್ ಅವರೇ ಮುಖ್ಯ ಸಂಯೋಜಕರು, ಸಾಹಿತ್ಯದ ಬಹುಭಾಗವೂ ಅವರದೇ. 2014ರ ಬೇಸಿಗೆಯಲ್ಲಿ ತಂಡ ಫಿನ್ಲೆಂಡಿನ ಶಿಬಿರತಾಣವೊಂದರಲ್ಲಿ ಬೀಡುಬಿಟ್ಟು ಅಭ್ಯಾಸ ಮಾಡಿತು. ವಾದ್ಯವೃಂದದ ಸ್ವರಲಿಪಿಯನ್ನು ರೂಪಿಸಿದವರು ಇಂಗ್ಲೆಂಡಿನ ಪಿಪ್ ವಿಲಿಯಮ್ಸ್. ವೃಂದವೂ ಮೇಳಗಳೂ ಹಾಡಿ ನುಡಿಸಿದ್ದು ಲಂಡನ್ನಿನಲ್ಲಿ. ಅಂದರೆ ಆಲ್ಬಮಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತಂತೆ ಕೇಳಿಸುವ ಗಿಟಾರು ಮತ್ತು ಪಿಟೀಲುಗಳು ಬೇರೆ ಬೇರೆ ದೇಶಗಳಲ್ಲಿ ಮುದ್ರಣಗೊಂಡವು. ಇಂಥ ಕೆಲಸಗಳಲ್ಲಿ ಎಲ್ಲರನ್ನೂ ಬೆಸೆಯುವ ಸೂತ್ರ, ವಾದಕರ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎನ್ನುವ ಯಾಂತ್ರಿಕ ತಾಳ. ಯಕ್ಷಗಾನದಲ್ಲಿ ಭಾಗವತನ ಜಾಗಟೆ ಮಾಡುವ ಕೆಲಸವನ್ನು ಇಲ್ಲಿ ಗಣಕಯಂತ್ರ ಮಾಡುತ್ತದೆ. ವ್ಯತ್ಯಾಸವಿಷ್ಟೆ: ಭಾಗವತ ವೇಷಧಾರಿಯ ಹೆಜ್ಜೆ ನೋಡಿ ತಾಳ ಹಿಗ್ಗಿಸಬಲ್ಲ, ಯಂತ್ರಕ್ಕೆ ಆ ಕರುಣೆಯಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಧ್ವನಿಮಿಶ್ರಣದಲ್ಲಿದೆ. ವಿದ್ಯುತ್ ಗಿಟಾರಿನ ನಾದವನ್ನು ಬೇಕೆಂದೇ ಒಡೆದು ಒರಟಾಗಿಸಿದಾಗ ಅದರಲ್ಲಿ ಅಸಂಖ್ಯ ಉಪಸ್ವರಗಳು ಹುಟ್ಟುತ್ತವೆ. ಚೆಲ್ಲೊ, ವಯೋಲಾಗಳು ನೆಲೆಸಿರುವ ನಡುಸ್ಥಾಯಿಯ ಜಾಗವನ್ನೆಲ್ಲ ಅವು ಆಕ್ರಮಿಸುತ್ತವೆ. ಪಿಸುಮಾತಿನಿಂದ ಗುಡುಗಿನವರೆಗೆ ಚಾಚಿಕೊಳ್ಳುವುದು ವಾದ್ಯವೃಂದದ ಹೆಗ್ಗಳಿಕೆ. ಆ ಏರಿಳಿತವನ್ನು ಹಿಂಡಿ ಒಂದೇ ಮಟ್ಟಕ್ಕೆ ತಂದರಷ್ಟೇ ಅದು ಡ್ರಮ್ಸಿನ ಅಬ್ಬರದ ನಡುವೆ ಉಳಿಯುತ್ತದೆ. ಆಲ್ಬಮಿನ ವಿಶೇಷ ಆವೃತ್ತಿಯೊಂದರಲ್ಲಿ ವಾದ್ಯವೃಂದದ ಭಾಗವನ್ನು ಪ್ರತ್ಯೇಕ ಡಿಸ್ಕಿನಲ್ಲಿ ಕೊಟ್ಟಿದ್ದಾರೆ. ಅದನ್ನು ಕೇಳಿದಾಗ ಮೂಲ ಹಾಡುಗಳಲ್ಲಿ ಎಷ್ಟು ಕುಸುರಿ ಕೆಲಸ ಹೂತುಹೋಗಿತ್ತೆಂಬುದು ಗೊತ್ತಾಗುತ್ತದೆ. ವೇದಿಕೆಯ ಮೇಲಂತೂ ವೃಂದವೇ ಇರುವುದಿಲ್ಲ. ಊರೂರು ಸುತ್ತುವ ತಂಡ ಅಷ್ಟು ಜನರನ್ನು ಹೊತ್ತೊಯ್ಯಲಾಗದು; ಮೇಳದ ದನಿ ಮೊದಲೇ ಮುದ್ರಿಸಿಟ್ಟ ಕಡತದಿಂದ ಬರುತ್ತದೆ. ಇದು ಕಪಟವೇನಲ್ಲ, ಆದರೆ ಸಾಮೂಹಿಕ ಗಾನದ ಅರ್ಧ ಬಲ ಹಾಡುವವರು ಎದುರಿಗಿರುವುದರಲ್ಲಿದೆ ಎಂದು ನಂಬುವವನು ನಾನು.

ಇಷ್ಟೆಲ್ಲ ತಕರಾರುಗಳ ನಡುವೆಯೂ ಆಲ್ಬಮಿನ ಕೊನೆಯ ಕೃತಿ ಬೇರೆಯದೇ ಎತ್ತರದಲ್ಲಿ ನಿಲ್ಲುತ್ತದೆ. ‘ದಿ ಗ್ರೇಟೆಸ್ಟ್ ಶೋ ಆನ್ ಅರ್ತ್’ ಎಂಬುದು ಅದರ ಹೆಸರು. ವಿಕಾಸವಾದದ ಸಾಕ್ಷ್ಯಗಳನ್ನು ಕುರಿತು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 2009ರಲ್ಲಿ ಬರೆದ ಪುಸ್ತಕದ ಹೆಸರೂ ಅದೇ. ಐದು ಖಂಡಗಳು, ಸುಮಾರು 24 ನಿಮಿಷ. ಮೊದಲ ಖಂಡದ ಶೀರ್ಷಿಕೆ ಬರೀ ಒಂದು ಸಂಖ್ಯೆ: ನಾಲ್ಕು ದಶಮಾಂಶ ಆರು. ಭೂಮಿಯ ವಯಸ್ಸು 460 ಕೋಟಿ ವರ್ಷ ಎಂಬುದರ ಸೂಚನೆಯದು. ಪಿಯಾನೊ ಒಂಟಿಯಾಗಿ, ಅವಸರವಿಲ್ಲದೆ ನಡೆಯುತ್ತದೆ. ವಾದ್ಯಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ಗಾಯಕಿ ಫ್ಲೋರ್ ಯಾನ್ಸನ್ ಆಪೆರಾ ಶೈಲಿಯಲ್ಲಿ, ಆಲಾಪದಂತೆ ದನಿ ಎತ್ತುತ್ತಾರೆ. ಸಾಗರ ಕುದಿದು ತಣಿಯುವವರೆಗೆ ಹಾಡಲು ಯಾರೂ ಇರಲಿಲ್ಲವಲ್ಲ! ಹೇಡನ್ನನ ಬೆಳಕು ಒಂದೇ ಕ್ಷಣದಲ್ಲಿ ಸ್ಫೋಟಿಸಿತ್ತು. ಇಲ್ಲಿ ಬೆಳಕಿಗೂ ಜೀವಕ್ಕೂ ಕಾಯಬೇಕು. ಆ ಕಾಯುವಿಕೆಯೇ ವಿಕಾಸವಾದದ ಸಾರವೆಂದು ನನಗೆ ಅನ್ನಿಸುತ್ತದೆ. ಪಾಠದ ಹಲಗೆಯ ಮೇಲೆ ಎಷ್ಟು ಸೊನ್ನೆ ಬರೆದರೂ ದಕ್ಕದ ಕಾಲದ ಅಗಾಧತೆ ಆ ಕೆಲವು ನಿಮಿಷಗಳಲ್ಲಿ ಮೈಗೆ ತಾಗುತ್ತದೆ.

ಎರಡನೆಯ ಖಂಡದಲ್ಲಿ ಜೀವ ಪ್ರವೇಶಿಸುತ್ತದೆ, ಗಿಟಾರುಗಳು ಎದ್ದು ನಿಲ್ಲುತ್ತವೆ. ‘ಲೂಕಾ’ ಎಂಬ ಹೆಸರು ಕೇಳಿಬರುತ್ತದೆ. ಅದು ಯಾವ ಸಂತನ ಹೆಸರೂ ಅಲ್ಲ. ಇಂದು ಬದುಕಿರುವ ಸಕಲ ಜೀವಿಗಳಿಗೂ, ಅಣಬೆಗೂ ಆನೆಗೂ ನಮಗೂ, ಸಮಾನವಾದ ಕಟ್ಟಕಡೆಯ ಪೂರ್ವಜನಿಗೆ ವಿಜ್ಞಾನಿಗಳು ಇಟ್ಟ ಸಂಕ್ಷಿಪ್ತ ನಾಮ. ಪಠ್ಯಪುಸ್ತಕದ ಅಡಿಟಿಪ್ಪಣಿಯಲ್ಲಿ ಇರಬೇಕಾದ ಪಾರಿಭಾಷಿಕ ಪದವೊಂದು ರಾಕ್ ಸಂಗೀತದ ಸಾಲಿನೊಳಗೆ ನುಗ್ಗಿದ್ದನ್ನು ಕೇಳಿ ನಾನು ನಕ್ಕದ್ದುಂಟು, ಸಂತೋಷದಿಂದ. ಮುಂದೆ ಪ್ರಾಣಿಗಳ ಕೂಗು, ಉಪಕರಣ ಹಿಡಿದ ಮನುಷ್ಯ, ತಾನು ಇಲ್ಲಿ ಇದ್ದು ಹೋದದ್ದನ್ನು ಸಾರುವ ಅವನ ಘೋಷ.

ಡಾಕಿನ್ಸ್ ಈ ಆಲ್ಬಮಿನ ಪಾತ್ರಧಾರಿಯೂ ಹೌದು. ಹೊಲೊಪಾಯ್ನೆನ್ ಪತ್ರ ಬರೆದು ಕೋರಿಕೊಂಡರು, ಅವರು ಒಪ್ಪಿ ದನಿ ಕೊಟ್ಟರು. 2015ರ ಡಿಸೆಂಬರ್ 19ರಂದು ಲಂಡನ್ನಿನ ವೆಂಬ್ಲಿ ಅರೀನಾದ ವೇದಿಕೆಗೂ ಬಂದರು. ಆಲ್ಬಂ ತೆರೆದುಕೊಳ್ಳುವುದು ಅವರ ಮಾತಿನಿಂದಲೇ. ಆ ಮೊದಲ ಹಾಡಿನ ಶೀರ್ಷಿಕೆ, ಸೌಂದರ್ಯದೆದುರು ಕಂಪಿಸುವುದನ್ನು ಕುರಿತದ್ದು, ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಬರಹಗಳನ್ನು ಓದಿದವರಿಗೆ ಪರಿಚಿತವೆನಿಸುತ್ತದೆ. ತಿರುಗುವ ಕಪ್ಪುಕುಳಿಗಳಿಗೆ ರಾಯ್ ಕೆರ್ ಕಂಡುಹಿಡಿದ ಗಣಿತದ ಪರಿಹಾರ ವಿಶ್ವದ ಅಸಂಖ್ಯ ಕಪ್ಪುಕುಳಿಗಳಿಗೆ ಕರಾರುವಾಕ್ಕಾಗಿ ಹೊಂದುತ್ತದೆ ಎಂಬುದು ಮನಸ್ಸಿಗೆ ಹೊಳೆದ ಗಳಿಗೆಯ ತಲ್ಲಣವನ್ನು ಅವರು ಅಂಥದೇ ಮಾತಿನಲ್ಲಿ ಬಣ್ಣಿಸಿದ್ದರು. ಚಂದ್ರಶೇಖರ್ ತಮ್ಮನ್ನು ನಾಸ್ತಿಕರೆಂದೇ ಹೇಳಿಕೊಂಡವರು. ವಿಸ್ಮಯಕ್ಕೆ ಶ್ರದ್ಧೆಯ ಪರವಾನಗಿ ಬೇಕಿಲ್ಲ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಡ.

ಆಲ್ಬಂ ಎಲ್ಲ ಕಡೆ ಈ ಎತ್ತರದಲ್ಲಿಲ್ಲ. ‘ವೀಕ್ ಫ್ಯಾಂಟಸಿ’ ಎಂಬ ಹಾಡು ಸಂಘಟಿತ ಧರ್ಮದ ಮೇಲೆ ನೇರ ದಾಳಿ ಮಾಡುತ್ತದೆ. ಅದರ ನಿಲುವಿನ ಬಗ್ಗೆ ನನಗೆ ಆಕ್ಷೇಪವಿಲ್ಲ. ಸಂಗೀತವಾಗಿ ಅದು ಸಪ್ಪೆ. ಕೋಪಕ್ಕೆ ವಾದ್ಯವೃಂದದ ಅಗತ್ಯವಿಲ್ಲ, ಒಂದು ಗಿಟಾರು ಸಾಕು. ನಡುವಿನ ಕೆಲವು ಹಾಡುಗಳಿಗೂ ಡಾರ್ವಿನ್ನನಿಗೂ ದೂರದ ನೆಂಟಸ್ತನವಷ್ಟೆ: ಒಂದು ಥೋರೊನ ವಾಲ್ಡನ್ ಕೊಳದ್ದು, ಇನ್ನೊಂದು ಕಾದಂಬರಿಯೊಂದರ ಅಲೆಮಾರಿ ಕಲಾವಿದರದು. ಮಾತಿಲ್ಲದ ಕೃತಿಯೊಂದಿದೆ. 1984ರಲ್ಲಿ ಸ್ಟೀವ್ ಮೆಕರಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಛಾಯಾಚಿತ್ರದ ಅಫ್ಗನ್ ಬಾಲಕಿ ಶರ್ಬತ್ ಗುಲಾಳ ಕಣ್ಣುಗಳನ್ನು ಕುರಿತದ್ದು. ಆಲ್ಬಂ ಬಂದ ಮರುವರ್ಷ ಆಕೆ ಪಾಕಿಸ್ತಾನದಲ್ಲಿ ಬಂಧನಕ್ಕೊಳಗಾಗಿ ಅಫ್ಗಾನಿಸ್ತಾನಕ್ಕೆ ಹೊರಹಾಕಲ್ಪಟ್ಟರು. 2021ರಲ್ಲಿ ಇಟಲಿ ಆಶ್ರಯ ಕೊಟ್ಟಿತು. ಇದನ್ನೆಲ್ಲ ತಿಳಿದು ಕೇಳಿದರೆ ಆ ಹಾಡಿಗೆ ಮಾತಿಲ್ಲದ್ದೇ ವಾಸಿ ಎನ್ನಿಸುತ್ತದೆ.

ಒಂದು ಗಂಭೀರ ಆಕ್ಷೇಪವನ್ನು ಎದುರಿಸಲೇಬೇಕು. ಮೇಳಗಾನ ಯಾವ ಮಾತನ್ನು ಹಾಡಿದರೂ ಅದು ಸತ್ಯವೆಂದೇ ಕೇಳಿಸುತ್ತದೆ. ಸಾಕ್ಷ್ಯ ಕೇಳುವ ವ್ಯವಧಾನವನ್ನು ಅದು ಕೇಳುಗನಿಗೆ ಕೊಡುವುದಿಲ್ಲ. ವಿಕಾಸವಾದ ನಿಂತಿರುವುದೇ ಸಾಕ್ಷ್ಯದ ಮೇಲೆ. ಪಳೆಯುಳಿಕೆ, ಗಲಪಗೋಸ್‌ನ ಹಕ್ಕಿಗಳ ಕೊಕ್ಕು, ವಂಶವಾಹಿಗಳ ಹೋಲಿಕೆ ಯಾವುದನ್ನೂ ಕಹಳೆಯಲ್ಲಿ ಊದಿ ತೋರಿಸಲಾಗದು. ಹಾಗಿರುವಾಗ ದೇವರ ಪೀಠದಲ್ಲಿ ಡಾರ್ವಿನ್ನನನ್ನು ಕೂರಿಸಿ ಅದೇ ಮಂಗಳಾರತಿ ಎತ್ತಿದಂತಾಗಲಿಲ್ಲವೇ? ಡಾಕಿನ್ಸರ ಗಂಭೀರ ಕಂಠ ಅಲ್ಲಲ್ಲಿ ಪಾದ್ರಿಯ ಪ್ರವಚನವನ್ನು ನೆನಪಿಸುವುದನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಮೊದಲ ಖಂಡ ಯಾರನ್ನೂ ಒಪ್ಪಿಸಲು ಹೊರಟಿಲ್ಲ. ಅದು ಅಳತೆಯ ಅರಿವನ್ನಷ್ಟೇ ಕೊಡುತ್ತದೆ. ತೇಜಸ್ವಿಯವರ ‘ಮಿಸ್ಸಿಂಗ್ ಲಿಂಕ್’ ಓದಿ ಬೆಳೆದ ಕನ್ನಡದ ಓದುಗರಿಗೆ, ವಾದಕ್ಕೂ ಮೊದಲು ಬೆರಗು ಬರುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಶಾಲೆಗಳಲ್ಲಿ ಈಗ ಬೆರಗಿಗಷ್ಟೇ ಅಲ್ಲ, ಪಾಠಕ್ಕೂ ಕುತ್ತು ಬಂದಿದೆ. ಕೋವಿಡ್ ಕಾಲದ ಹೊರೆ ಇಳಿಸುವ ನೆಪದಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿತು. ‘ಅನುವಂಶೀಯತೆ ಮತ್ತು ವಿಕಾಸ’ ಎಂದಿದ್ದ ಅಧ್ಯಾಯ 2023ರ ಹೊಸ ಮುದ್ರಣದಲ್ಲಿ ಬರೀ ‘ಅನುವಂಶೀಯತೆ’ಯಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು, ನಾಗರಿಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ಪ್ರತಿಭಟಿಸಿದರು. ಹನ್ನೆರಡನೆಯ ತರಗತಿಯ ಜೀವವಿಜ್ಞಾನದಲ್ಲಿ ಅದು ಇದೆಯಲ್ಲ ಎಂಬುದು ಸಮಜಾಯಿಷಿ. ಹತ್ತರ ನಂತರ ವಾಣಿಜ್ಯಕ್ಕೋ ಕಲೆಗೋ ಹೋಗುವ, ಅಥವಾ ಶಾಲೆಯನ್ನೇ ಬಿಡುವ ಮಕ್ಕಳಿಗೆ ಆ ಪಾಠ ಎಲ್ಲಿ ಸಿಗಬೇಕು? ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹದಿನೈದರ ಹುಡುಗಿಗೆ ‘ಲೂಕಾ’ ಎಂಬ ಪದ ಫಿನ್ಲೆಂಡಿನ ಹಾಡೊಂದರಿಂದ ಮೊದಲು ಪರಿಚಯವಾದರೆ ಅದು ಹಾಡಿನ ಹಿರಿಮೆ. ಆಮೇಲೆ ಅವಳು ಪುಸ್ತಕ ತೆರೆದಾಗ ಅಲ್ಲಿ ಆ ಅಧ್ಯಾಯವೇ ಇಲ್ಲದಿದ್ದರೆ ಅದಕ್ಕೆ ಹಾಡು ಏನು ಮಾಡೀತು?

ಡಾರ್ವಿನ್ನನಿಗೂ ಒಂದು ಪದದ ಸಂಕಟವಿತ್ತು. ಮೊದಲ ಆವೃತ್ತಿಯ ಕೊನೆಯ ವಾಕ್ಯದಲ್ಲಿ ಜೀವವನ್ನು ಊದಿದವರು ಯಾರೆಂದು ಅವನು ಹೇಳಿರಲಿಲ್ಲ. ಗದ್ದಲವೆದ್ದ ಮೇಲೆ, 1860ರ ಎರಡನೆಯ ಆವೃತ್ತಿಯಲ್ಲಿ ಅಲ್ಲಿಗೆ ಸೃಷ್ಟಿಕರ್ತನ ಉಲ್ಲೇಖವನ್ನು ಸೇರಿಸಿದ. ಮೂರು ವರ್ಷಗಳ ನಂತರ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ, ಜನಾಭಿಪ್ರಾಯಕ್ಕೆ ಮಣಿದು ಬೈಬಲಿನ ಪರಿಭಾಷೆ ಬಳಸಿದ್ದಕ್ಕೆ ಪಶ್ಚಾತ್ತಾಪಪಟ್ಟಿದ್ದಾನೆ. ಆಲ್ಬಮಿನ ಕೊನೆಯ ಖಂಡದಲ್ಲಿ ಗಿಟಾರು, ಡ್ರಮ್ಸುಗಳೆಲ್ಲ ಸುಮ್ಮನಾದ ಮೇಲೆ ಡಾಕಿನ್ಸ್ ಆ ವಾಕ್ಯವನ್ನು ಓದುತ್ತಾರೆ. ಅವರು ಆರಿಸಿಕೊಂಡಿರುವುದು 1859ರ ಪಾಠ. ಓದು ಮುಗಿದ ಮೇಲೆ ಕೇಳುವುದು ಕಡಲಿನ ಮೊರೆತ.