ಕಾಲಿಗೆ ಮಾತ್ರ ಗೊತ್ತಾಗುವ ಏರು

ತುರುವೇಕೆರೆಯಿಂದ ಕಿಬ್ಬನಹಳ್ಳಿ ಕ್ರಾಸ್, ಅಲ್ಲಿಂದ ಚಿಕ್ಕನಾಯಕನಹಳ್ಳಿ, ಆಮೇಲೆ ಹುಳಿಯಾರು. ರಾಷ್ಟ್ರೀಯ ಹೆದ್ದಾರಿ 150ಎ ಈ ಊರುಗಳ ಮೇಲೇ ಹಾದುಹೋಗುತ್ತದೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಇದು ಮಟ್ಟಸವಾದ ಸೀಮೆ. ಎರಡೂ ಬದಿ ತೆಂಗಿನ ತೋಟ, ನಡುನಡುವೆ ಅಡಿಕೆ, ತೋಟ ಮುಗಿದಲ್ಲಿ ರಾಗಿ ಹೊಲ, ಅಲ್ಲಲ್ಲಿ ಒಂದು ಕೆರೆ ಏರಿ. ಅದೇ ದಾರಿಯಲ್ಲಿ ಒಬ್ಬರೇ ಸೈಕಲ್ ತುಳಿದವರನ್ನು ಕೇಳಿ ನೋಡಿ. ಏರು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಯಾವ ತೋಟದ ಬೇಲಿಯ ಹತ್ತಿರ ಪೆಡಲ್ ಹಗುರಾಯಿತು ಎಂದು ಒಂದೊಂದಾಗಿ ಹೇಳುತ್ತಾರೆ. ಕಣ್ಣಿಗೆ ಕಾಣದ್ದು ಕಾಲಿಗೆ ಹೇಗೆ ತಿಳಿಯಿತು? ಉತ್ತರಕ್ಕೆ ಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಸಾಕು. ಅದರ ಬೆನ್ನು ಹತ್ತಿ ಹೋದರೆ ಈ ಸೀಮೆಯ ನೀರು, ತೆಂಗು, ಗುಡ್ಡ ಮೂರೂ ಅರ್ಥವಾಗುತ್ತವೆ.

65 ಕಿಲೋ ತೂಕದ ಸವಾರ, 20 ಕಿಲೋ ತೂಕದ ಮಾಮೂಲಿ ಸೈಕಲ್. ಒಟ್ಟು 85 ಕಿಲೋ ಎಂದುಕೊಳ್ಳೋಣ. ಮಟ್ಟಸವಾದ ರಸ್ತೆಯಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎರಡು ತಡೆಗಳು ಎದುರಾಗುತ್ತವೆ. ಟೈರು ನೆಲದ ಮೇಲೆ ಉರುಳುವಾಗ ಚಪ್ಪಟೆಯಾಗಿ ಮತ್ತೆ ದುಂಡಗಾಗುವುದರಲ್ಲಿ ಹುಟ್ಟುವ ತಡೆ ಒಂದು, ಮೈಗೆ ಬಡಿಯುವ ಗಾಳಿಯ ತಡೆ ಇನ್ನೊಂದು. ಎರಡೂ ಸೇರಿ ಸುಮಾರು ಒಂದೂಕಾಲು ಕಿಲೋ ತೂಕದಷ್ಟು ಬಲ. ಅದನ್ನು ಮೀರಿ ಸಾಗಲು 50 ವಾಟ್ ಸಾಮರ್ಥ್ಯ ಸಾಕು. ಆರೋಗ್ಯವಂತರು ಗಂಟೆಗಟ್ಟಲೆ 75 ವಾಟ್ ಕೊಡಬಲ್ಲರು. ಹಾಗಾಗಿ ಮಟ್ಟಸ ದಾರಿಯಲ್ಲಿ ಸೈಕಲ್ ತುಳಿಯುವುದು ದಣಿವಿನ ಕೆಲಸವೇ ಅಲ್ಲ. ಎಸ್. ಎಸ್. ವಿಲ್ಸನ್ 1973ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ ಲೇಖನ ಇದನ್ನೇ ಲೆಕ್ಕ ಹಾಕಿ ತೋರಿಸಿತು. ನಡೆಯುವ ಮನುಷ್ಯ ಒಂದು ಕಿಲೋಮೀಟರಿಗೆ ಖರ್ಚು ಮಾಡುವ ಶಕ್ತಿಯ ಐದನೇ ಒಂದು ಭಾಗದಲ್ಲಿ ಸೈಕಲ್ ಸವಾರ ಅದೇ ದೂರ ಹೋಗುತ್ತಾನೆ.

ಈಗ ರಸ್ತೆ ನೂರು ಮೀಟರಿಗೆ ಒಂದೇ ಒಂದು ಮೀಟರ್ ಏರಲಿ. ಯಾವ ಕಣ್ಣೂ ಇದನ್ನು ಏರು ಎನ್ನುವುದಿಲ್ಲ. ಆದರೆ 85 ಕಿಲೋದ ನೂರನೇ ಒಂದು ಭಾಗ, ಎಂದರೆ 850 ಗ್ರಾಂ ತೂಕದಷ್ಟು ಬಲ ಸವಾರನನ್ನು ಹಿಂದಕ್ಕೆ ಎಳೆಯತೊಡಗುತ್ತದೆ. ಒಂದೂಕಾಲು ಕಿಲೋ ಇದ್ದದ್ದು ಎರಡು ಕಿಲೋ ದಾಟಿತು. ಅದೇ ವೇಗ ಬೇಕೆಂದರೆ 50 ವಾಟ್ ಬದಲು 85 ವಾಟ್ ಬೇಕು. ನೂರಕ್ಕೆ ಎರಡರ ಏರಾದರೆ 120 ವಾಟ್. ಮಟ್ಟಸದಲ್ಲಿ ತಡೆ ಅಷ್ಟು ಕಡಿಮೆ ಇರುವುದರಿಂದಲೇ ಚಿಕ್ಕ ಏರು ಇಷ್ಟು ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಸಣ್ಣ ತೂಕಕ್ಕೂ ವಾಲುವ ಅಕ್ಕಸಾಲಿಗನ ತಕ್ಕಡಿಯಂತೆ ಸೈಕಲ್ ನೆಲದ ವಾಟವನ್ನು ತೂಗುತ್ತದೆ.

ಈ ಸೀಮೆಯಲ್ಲಿ ಆ ಸಣ್ಣ ವಾಟವೇ ಎಲ್ಲವನ್ನೂ ನಿರ್ಧರಿಸಿದೆ. ಪೆಡಲ್ ತಾನಾಗಿ ಹಗುರಾಗುತ್ತಾ ಹೋದರೆ ಮುಂದೆ ಹಳ್ಳವೋ ಕೆರೆಯೋ ಇದೆ ಎಂದು ಅರ್ಥ. ಮಳೆ ನೀರು ಹರಿದು ಸೇರುವುದು ಅಲ್ಲಿಗೇ. ಮಣ್ಣು ಕೊಚ್ಚಿಕೊಂಡು ಬಂದು ಆಳವಾಗಿ ನಿಂತಿರುವುದೂ ಅಲ್ಲೇ. ಹಳೆಯ ತೆಂಗಿನ ತೋಟಗಳು ಕೆರೆಯ ಹಿಂದಿನ ತಗ್ಗಿನಲ್ಲಿ, ಹಳ್ಳದ ಸಾಲಿನಲ್ಲಿ ದಟ್ಟವಾಗಿರುವುದು ಅದಕ್ಕೇ. ದಿಬ್ಬ ಹತ್ತಿದಂತೆ ಮಣ್ಣು ತೆಳುವಾಗಿ ರಾಗಿ, ಹುರುಳಿ, ಕೊನೆಗೆ ಕಾವಲು ಕಾಣಿಸುತ್ತದೆ. ಕೊಳವೆ ಬಾವಿ ಬಂದಮೇಲೆ ತೆಂಗು ದಿಬ್ಬಕ್ಕೂ ಹತ್ತಿದೆ, ನಿಜ. ಆದರೆ ಬರದ ವರ್ಷ ಸುಳಿ ಒಣಗಿ ನಿಲ್ಲುವ ಮರಗಳು ಮೊದಲು ಕಾಣುವುದು ಈ ಮೇಲಿನ ತೋಟಗಳಲ್ಲೇ.

ತಿಪಟೂರು ಸಮುದ್ರ ಮಟ್ಟದಿಂದ ಸುಮಾರು 860 ಮೀಟರ್ ಎತ್ತರದಲ್ಲಿದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ 800 ಮೀಟರಿನ ಆಸುಪಾಸು. ಎತ್ತರದಲ್ಲಿ ವ್ಯತ್ಯಾಸ ಇಷ್ಟೇ ಆದರೂ ನೀರು ಇಲ್ಲಿ ಎರಡು ದಿಕ್ಕು ಹಿಡಿಯುತ್ತದೆ. ತುರುವೇಕೆರೆ ಕಡೆಯ ಹಳ್ಳಗಳು ಶಿಂಷಾ ಸೇರಿ ಕಾವೇರಿಗೆ ಹೋಗುತ್ತವೆ. ಹುಳಿಯಾರು, ಬೋರನಕಣಿವೆ ಕಡೆಯ ನೀರು ಸುವರ್ಣಮುಖಿಯ ಮೂಲಕ ವೇದಾವತಿಗೆ, ಅಲ್ಲಿಂದ ತುಂಗಭದ್ರೆಗೆ, ಕೊನೆಗೆ ಕೃಷ್ಣೆಗೆ. ತುರುವೇಕೆರೆಯಿಂದ ಹುಳಿಯಾರಿಗೆ ಸೈಕಲ್ ತುಳಿದವರು ದಕ್ಷಿಣ ಭಾರತದ ಎರಡು ದೊಡ್ಡ ನದಿಗಳ ಜಲಾನಯನದ ಗಡಿಯನ್ನು ದಾಟಿರುತ್ತಾರೆ. ಅಲ್ಲಿ ಬೆಟ್ಟವಿಲ್ಲ, ಫಲಕವಿಲ್ಲ. ಏರು ಮುಗಿದು ಇಳಿಜಾರು ಸಿಕ್ಕಿದ್ದಷ್ಟೇ ಗುರುತು. ಇದಕ್ಕೆ ವಿರುದ್ಧ ಅನುಭವ ಬೇಕೆಂದರೆ ಹೇಮಾವತಿ ನಾಲೆಯ ಏರಿ ಮೇಲಿನ ದಾರಿ ಹಿಡಿಯಬೇಕು. ಗೊರೂರಿನ ಅಣೆಕಟ್ಟೆಯಿಂದ ನೀರನ್ನು ಇಷ್ಟು ದೂರ ಹರಿಸಬೇಕಾದರೆ ನಾಲೆಗೆ ವಾಟ ಅತಿ ಕಡಿಮೆ ಇರಬೇಕು. ಆ ದಾರಿಯಲ್ಲಿ ಹೋಗುವವರ ಕಾಲಿಗೆ ಏರೂ ಇಲ್ಲ, ಇಳಿತವೂ ಇಲ್ಲ.

ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಮದಲಿಂಗನ ಕಣಿವೆಯ ಸುತ್ತ, ಬುಕ್ಕಾಪಟ್ಟಣದ ಕಡೆಯ ಕಾಡುಗುಡ್ಡಗಳಲ್ಲಿ ಚದುರಿರುವ ಹಳ್ಳಿಗಳ ದಾರಿಯಲ್ಲಿ ಏರು ಕಣ್ಣಿಗೇ ಕಾಣುತ್ತದೆ. ಚಿಂಕಾರ ಎಂಬ ಹುಲ್ಲೆಗಳಿಗಾಗಿ 2019ರಲ್ಲಿ ವನ್ಯಧಾಮ ಘೋಷಣೆಯಾದದ್ದು ಬುಕ್ಕಾಪಟ್ಟಣದ ಈ ಕುರುಚಲು ಕಾಡಿನಲ್ಲೇ. ನೂರಕ್ಕೆ ಐದರ ಏರಿನಲ್ಲಿ 15 ಕಿಲೋಮೀಟರ್ ವೇಗ ಬೇಕೆಂದರೆ 225 ವಾಟ್ ಬೇಕು. ಪಳಗಿದ ಕ್ರೀಡಾಪಟುವಿಗೆ ಬಿಟ್ಟರೆ ಉಳಿದವರಿಗೆ ಹೆಚ್ಚು ಹೊತ್ತು ಆಗದ ಮಾತು. ವೇಗವನ್ನು ಗಂಟೆಗೆ 7 ಕಿಲೋಮೀಟರಿಗೆ ಇಳಿಸಿದರೆ 95 ವಾಟಿನ ಸುತ್ತಮುತ್ತ ಬರುತ್ತದೆ. ಅದು ಸಾಧ್ಯ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ವಿಷಯವೊಂದಿದೆ. ಗುಡ್ಡ ಹತ್ತುವುದಕ್ಕೆ ಅಪಾರ ಶಕ್ತಿ ಬೇಕು ಎಂದುಕೊಳ್ಳುತ್ತೇವೆ. 85 ಕಿಲೋವನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಕೆಲಸ ಸುಮಾರು 83 ಕಿಲೋಜೂಲ್. ಸ್ನಾಯುಗಳು ಆಹಾರದ ಶಕ್ತಿಯ ನಾಲ್ಕನೇ ಒಂದು ಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತವೆ. ಹಾಗಾಗಿ ಆಹಾರದ ಲೆಕ್ಕದಲ್ಲಿ 80 ಕಿಲೋಕ್ಯಾಲೊರಿ ಆಸುಪಾಸು. ಹನ್ನೆರಡು ಹದಿಮೂರು ಗ್ರಾಂ ಕೊಬ್ಬರಿಯಲ್ಲಿ ಅಷ್ಟು ಶಕ್ತಿ ಇದೆ. ಗುಡ್ಡ ಕೇಳುವ ಒಟ್ಟು ಶಕ್ತಿ ಇಷ್ಟು ಕಡಿಮೆ. ಅದನ್ನು ಎಷ್ಟು ಬೇಗ ಕೊಡುತ್ತೀರಿ ಎಂಬುದರಲ್ಲಿದೆ ಏದುಸಿರಿನ ಕಾರಣ. ತೆಂಗಿನ ಮರ ಹತ್ತಿ ಕಾಯಿ ಕೀಳುವವರಿಗೆ ಇದು ಯಾರೂ ಹೇಳಿಕೊಡದ ಪಾಠ. ಹದಿನೈದು ಮೀಟರಿನ 30 ಮರ ಹತ್ತಿದರೆ ದಿನಕ್ಕೆ 450 ಮೀಟರ್ ಏರಿದ ಹಾಗೆ, ಒಂದು ದೊಡ್ಡ ಬೆಟ್ಟದಷ್ಟು. ಅವರು ಓಡಿ ಹತ್ತುವುದಿಲ್ಲ. ಒಂದೇ ಹದದಲ್ಲಿ ಹತ್ತಿ, ಮೇಲೆ ನಿಂತು, ಇಳಿದು, ಮುಂದಿನ ಮರಕ್ಕೆ ಹೋಗುತ್ತಾರೆ.

ಏರಿದ ಶಕ್ತಿ ಇಳಿಯುವಾಗ ವಾಪಸು ಸಿಗುವುದಿಲ್ಲವೇ? ಸಿಗುತ್ತದೆ, ಆದರೆ ಪೂರ್ತಿಯಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಉಳಿದದ್ದನ್ನು ತಿರುವಿನಲ್ಲಿ ಬ್ರೇಕು ನುಂಗುತ್ತದೆ. ಸಮಯವಂತೂ ವಾಪಸು ಬರುವುದೇ ಇಲ್ಲ. ಐದು ಕಿಲೋಮೀಟರನ್ನು 7ರ ವೇಗದಲ್ಲಿ ಏರಿ, ಅಷ್ಟೇ ದೂರ 35ರ ವೇಗದಲ್ಲಿ ಇಳಿದರೆ ಸರಾಸರಿ 21 ಬರುವುದಿಲ್ಲ, 12 ಕೂಡ ಮುಟ್ಟುವುದಿಲ್ಲ. ಗುಡ್ಡಗಾಡಿನಲ್ಲಿ ಊರು ಸೇರುವ ಹೊತ್ತನ್ನು ಅಂದಾಜು ಮಾಡುವವರು ಈ ಲೆಕ್ಕ ನೆನಪಿಡಬೇಕು.

ಅಷ್ಟಕ್ಕೂ ಈ ಗುಡ್ಡಗಳು ಯಾಕೆ ಉಳಿದಿವೆ? ಸುತ್ತಲಿನ ಬಯಲು ಬಹುಪಾಲು ನೈಸ್ ಶಿಲೆಯದ್ದು, ಸುಮಾರು 300 ಕೋಟಿ ವರ್ಷ ಹಳೆಯದು. ಬಿಸಿಲು ಮಳೆಗೆ ಅದು ಸವೆದು ಕೆಂಪು ಮಣ್ಣಾಗಿ ಹರಡಿದೆ. ಅದರ ನಡುವೆ ಉತ್ತರಕ್ಕೆ ಚಿತ್ರದುರ್ಗ, ಗದಗದವರೆಗೆ ಉದ್ದಕ್ಕೆ ಹಬ್ಬಿದ ಶಿಲಾ ಪಟ್ಟಿಯೊಂದಿದೆ. ಭೂವಿಜ್ಞಾನಿಗಳು ಚಿತ್ರದುರ್ಗ ಪದರಶಿಲೆ ಪಟ್ಟಿ ಎನ್ನುವುದು ಇದನ್ನೇ. ಚಿಕ್ಕನಾಯಕನಹಳ್ಳಿಯ ಗುಡ್ಡಗಳು ಆ ಪಟ್ಟಿಯ ದಕ್ಷಿಣದ ಭಾಗ. 250 ಕೋಟಿ ವರ್ಷಕ್ಕೂ ಹಿಂದೆ ಕಡಲ ತಳದಲ್ಲಿ ಕಬ್ಬಿಣ ಮತ್ತು ಸಿಲಿಕಾ ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು ಇಲ್ಲಿದೆ. ಮ್ಯಾಂಗನೀಸ್, ಸುಣ್ಣಕಲ್ಲೂ ಇವೆ. ಕಬ್ಬಿಣದ ಆ ಪದರಗಳು ಸುಲಭಕ್ಕೆ ಸವೆಯುವುದಿಲ್ಲ. ಸುತ್ತಲಿನದು ಸವೆದುಹೋಯಿತು, ಇವು ಸಾಲಾಗಿ ನಿಂತವು. ನದಿಗಳು ಸಾಲನ್ನು ಸೀಳಿದಲ್ಲಿ ಕಣಿವೆಗಳಾದವು. ಅಂಥ ಸೀಳಿಗೆ ಅಡ್ಡಲಾಗಿ ಕಟ್ಟಿದ್ದೇ ಸುವರ್ಣಮುಖಿಯ ಬೋರನಕಣಿವೆ ಜಲಾಶಯ. ಉತ್ತರಕ್ಕೆ ಇದೇ ಪಟ್ಟಿಯ ಇನ್ನೊಂದು ಸೀಳಿನಲ್ಲಿ ವೇದಾವತಿಗೆ 1907ರಲ್ಲಿ ಪೂರ್ತಿಯಾದ ಮಾರಿಕಣಿವೆ ಅಣೆಕಟ್ಟೆ ಇದೆ. ಬಸ್ಸಿಗಾಗಲಿ ಸೈಕಲ್ಲಿಗಾಗಲಿ ದಾರಿ ಸಿಕ್ಕುವುದೂ ಇಂಥ ತಗ್ಗುಗಳಲ್ಲೇ. ಗುಡ್ಡವನ್ನು ಎತ್ತರವಾಗಿ ಉಳಿಸಿದ ಆ ಅದಿರೇ ಗಣಿಗಾರಿಕೆಯನ್ನೂ ತಂದಿತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಹಿಂದೆಯೇ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಳನ್ನೂ ನಿಲ್ಲಿಸಿತು.

ಗುಡ್ಡವಿಲ್ಲದಲ್ಲೂ ಗುಡ್ಡ ಎದುರಾಗಬಹುದು. ಆಷಾಢದ ಗಾಳಿ ಎದುರಿನಿಂದ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಬೀಸಿದರೆ 15ರ ವೇಗದಲ್ಲಿ ಹೋಗುವವರ ಮೈಗೆ ಬಡಿಯುವುದು 30ರ ಗಾಳಿ. ಗಾಳಿಯ ತಡೆ ನಾಲ್ಕು ಪಟ್ಟು. ಬೇಕಾದ ಸಾಮರ್ಥ್ಯ 120 ವಾಟ್. ನೂರಕ್ಕೆ ಎರಡರ ಏರಿಗೂ ಈ ಗಾಳಿಗೂ ಕಾಲು ಭೇದ ಎಣಿಸುವುದಿಲ್ಲ. ಗುಂಪಿನಲ್ಲಿ ಹೋಗುವವರು ಒಬ್ಬರ ಹಿಂದೆ ಒಬ್ಬರು ಸೇರಿ ಗಾಳಿಯನ್ನು ತಪ್ಪಿಸಿಕೊಳ್ಳಬಹುದು. ಒಂಟಿ ಸವಾರರಿಗೆ ಆ ಅನುಕೂಲವಿಲ್ಲ. ಅವರ ಪಾಲಿಗೆ ಇರುವುದು ತೋಟದೊಳಗಿನ ದಾರಿ: ಸಾಲು ಮರಗಳು ಗಾಳಿಯನ್ನು ಮುರಿಯುತ್ತವೆ, ನೆರಳನ್ನೂ ಕೊಡುತ್ತವೆ.

ನೆರಳಿನ ಬೆಲೆ ತಿಳಿಯಬೇಕಾದರೆ ದೇಹದ ಬಿಸಿಯ ಲೆಕ್ಕ ನೋಡಬೇಕು. 75 ವಾಟ್ ಕೆಲಸ ಮಾಡುವ ದೇಹ ಅದರ ಮೂರು ಪಟ್ಟು, 225 ವಾಟ್ ಬಿಸಿಯನ್ನು ಹೊರಹಾಕಬೇಕು. ಅಷ್ಟನ್ನೂ ಬೆವರು ಆರುವುದರಿಂದಲೇ ಕಳೆಯಬೇಕಾದರೆ ಗಂಟೆಗೆ ಮೂರನೇ ಒಂದು ಲೀಟರ್ ನೀರು ಆವಿಯಾಗಬೇಕು. ಬಿಸಿಲಿನ ಝಳ ಸೇರಿದರೆ ಇನ್ನೂ ಹೆಚ್ಚು. ಈ ಸೀಮೆಯಲ್ಲಿ ಅದಕ್ಕೆ ಎಳನೀರು ಇದ್ದೇ ಇದೆ. ಅದರಲ್ಲಿ ನೂರಕ್ಕೆ 95ರಷ್ಟು ನೀರು, ಸ್ವಲ್ಪ ಸಕ್ಕರೆ, ಲೀಟರಿಗೆ ಎರಡು ಗ್ರಾಮಿಗೂ ಹೆಚ್ಚು ಪೊಟ್ಯಾಸಿಯಂ. ಆದರೆ ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ, ಸಾಮಾನ್ಯವಾಗಿ ಲೀಟರಿಗೆ ಒಂದು ಗ್ರಾಮಿನಷ್ಟು. ಎಳನೀರಿನಲ್ಲಿ ಅದು ಕಡಿಮೆ. ಒಂದು ಚಿಟಿಕೆ ಉಪ್ಪು ಬೆರೆಸಿದರೆ, ಇಲ್ಲವೇ ಜೊತೆಗೆ ಉಪ್ಪಿನ ತಿಂಡಿ ತಿಂದರೆ ಆ ಕೊರತೆ ತುಂಬುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಹೆಚ್ಚಾಗುವುದು ಅಪಾಯ. ಅವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ದಾರಿಯ ಬುತ್ತಿಗೆ ತಿಪಟೂರಿನ ಉಂಡೆ ಕೊಬ್ಬರಿಗಿಂತ ಹಗುರಾದದ್ದು ಸಿಗುವುದು ಕಷ್ಟ. ಬಲಿತ ಕಾಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಇಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಹಸಿ ಕಾಯಿಯಲ್ಲಿ ಅರ್ಧಕ್ಕೆ ಹತ್ತಿರ ನೀರೇ ಇರುತ್ತದೆ. ಅದು ಹೋದ ಮೇಲೆ ನೂರು ಗ್ರಾಂ ಕೊಬ್ಬರಿಯಲ್ಲಿ 660 ಕಿಲೋಕ್ಯಾಲೊರಿ, ಬಹುಪಾಲು ಎಣ್ಣೆಯ ರೂಪದಲ್ಲಿ. ಎಣ್ಣೆ ನಿಧಾನಕ್ಕೆ ಉರಿಯುವ ಇಂಧನ. ಏರಿನಲ್ಲಿ ಸ್ನಾಯು ತಕ್ಷಣ ಕೇಳುವುದು ಸಕ್ಕರೆಯನ್ನು. ಕೊಬ್ಬರಿಯ ಜೊತೆ ಬೆಲ್ಲ ಕಟ್ಟಿಕೊಂಡು ಹೋಗುವ ಹಳೆಯ ರೂಢಿ ಎರಡನ್ನೂ ಒದಗಿಸುತ್ತದೆ.

ಉಳಿದದ್ದು ಗೇರಿನ ಮಾತು. ಐರ್ಲೆಂಡಿನ ಡರ್ವ್ಲಾ ಮರ್ಫಿ 1963ರಲ್ಲಿ ಒಬ್ಬರೇ ಸೈಕಲ್ಲಿನಲ್ಲಿ ಭಾರತಕ್ಕೆ ಹೊರಟಾಗ ಮೂರು ವೇಗದ ಗೇರನ್ನು ಬಿಚ್ಚಿಸಿಯೇ ಹೊರಟರು. ದಾರಿ ಕೆಟ್ಟದ್ದು, ಗೇರು ಮುರಿದರೆ ರಿಪೇರಿ ಇಲ್ಲ ಎಂಬುದು ಕಾರಣ. ನಮ್ಮ ಹಳ್ಳಿಯ ಸೈಕಲ್ಲುಗಳಿಗೂ ಗೇರಿಲ್ಲ. ಪೆಡಲಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ನೂರಕ್ಕೆ ಐದರ ಏರಿನಲ್ಲಿ ಇದರಿಂದ ಪೆಡಲಿನ ಮೇಲೆ ಸರಾಸರಿ 25 ಕಿಲೋ ತೂಕದಷ್ಟು ಒತ್ತಬೇಕು, ಪ್ರತಿ ಸುತ್ತಿನ ನಡುವೆ ಅದರ ಎರಡು ಪಟ್ಟಿಗೆ ಹತ್ತಿರ. ಮಂಡಿ ನೋಯುವುದು, ಇಳಿದು ತಳ್ಳಿಕೊಂಡು ಹೋಗುವುದು ಇದರ ಫಲ.

ಗೇರು ಹಾಕಿಸದೆಯೂ ಇದಕ್ಕೊಂದು ದಾರಿ ಇದೆ. ಹಿಂದಿನ ಫ್ರೀವೀಲನ್ನು 18 ಹಲ್ಲಿನ ಬದಲು 22 ಹಲ್ಲಿನದಕ್ಕೆ ಬದಲಾಯಿಸಿ, ಚೈನಿಗೆ ಒಂದೆರಡು ಕೊಂಡಿ ಸೇರಿಸಿದರೆ ಒತ್ತಬೇಕಾದ ಬಲ ನೂರಕ್ಕೆ 18ರಷ್ಟು ಇಳಿಯುತ್ತದೆ. ಮಟ್ಟಸ ದಾರಿಯಲ್ಲಿ ಕಾಲು ನಿಮಿಷಕ್ಕೆ 46 ಸುತ್ತಿನ ಬದಲು 56 ಸುತ್ತು ತಿರುಗುತ್ತದೆ, ಅದು ಸ್ನಾಯುಗಳಿಗೆ ಇನ್ನೂ ಹಿತವಾದ ಗತಿ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗಿನಿಂದ ಗುಡ್ಡದ ಊರಿಗೂ ಬಯಲಿನ ಊರಿಗೂ ಬಂದದ್ದು ಗೇರಿಲ್ಲದ ಸೈಕಲ್ಲೇ. ಅಂಥ ಸೈಕಲ್ ಮನೆಯಲ್ಲಿದ್ದು, ಮಗು ದಿನಾ ದಿಬ್ಬ ಹತ್ತಿ ಶಾಲೆಗೆ ಹೋಗುತ್ತಿದ್ದರೆ ಹತ್ತಿರದ ಸೈಕಲ್ ಶಾಪಿಗೆ ಒಯ್ದು ಫ್ರೀವೀಲ್ ಬದಲಾಯಿಸಿಕೊಡಿ. ಮುಂದೆ ಸೈಕಲ್ ಕೊಳ್ಳುವ ಸರ್ಕಾರವೂ ಗುಡ್ಡಗಾಡಿನ ತಾಲ್ಲೂಕುಗಳಿಗೆ ಈ ನಾಲ್ಕು ಹಲ್ಲು ಹೆಚ್ಚಿಸಿ ಕೊಡುವುದು ಒಳ್ಳೆಯದು.